ಹೊಂಡದ ದಡಕ್ಕೊಂದು ನಲ್ಲಿ

ಗೊಬ್ಬರ, ಔಷಧಿ, ಕೊಯ್ಲು, ಧಾರಣೆಗಳ ವಿಚಾರವಾಗಿ ಈ ಪತ್ರಿಕೆಯಲ್ಲಿ ಆಗಾಗ ಬರೆಯುತ್ತ ಬಂದಿದ್ದೇವೆ. ಈ ಸಲ ಬರೆಯಹೊರಟಿರುವುದು ಒಂದು ನಲ್ಲಿಯ ವಿಚಾರ. ಮನೆಯ ಹಿತ್ತಿಲಲ್ಲೋ ತೋಟದ ಅಂಚಿನಲ್ಲೋ ತೆಗೆಸಿರುವ ನೀರಿನ ಹೊಂಡದ ದಡದಲ್ಲಿ ನಿಲ್ಲಿಸಬೇಕಾದ ನಲ್ಲಿ ಇದು. ಇದಕ್ಕೂ ಒಂದು ಲೇಖನವೇ ಎಂದು ಸದಸ್ಯರು ಕೇಳಬಹುದು. ಆದರೆ ಹೊಂಡ ತೆಗೆಸುವುದಕ್ಕೆ ಸಾಲ ಸೋಲ ಮಾಡಿ ದೊಡ್ಡ ಮೊತ್ತ ಸುರಿದವರು ಸಹ ಆ ನೀರನ್ನು ಒಂದು ಕೊಡದಲ್ಲಿ, ಒಂದು ಬಕೆಟ್ಟಿನಲ್ಲಿ ತೆಗೆದುಕೊಳ್ಳುವುದು ಹೇಗೆಂದು ಯೋಚಿಸಿರುವುದಿಲ್ಲ. ಗಿಡಗಳಿಗೆ ನೀರು ಕೊಡಲು ಪಂಪು ಇರುತ್ತದೆ. ಔಷಧಿ ಡ್ರಮ್ಮಿಗೆ, ದನಕರುವಿಗೆ, ಕೈಕಾಲು ತೊಳೆಯುವುದಕ್ಕೆ ಮಾತ್ರ ಮನುಷ್ಯನೇ ದಡ ಇಳಿಯಬೇಕು. ಅಪಾಯವಿರುವುದು ಆ ಇಳಿಯುವುದರಲ್ಲಿ. ಅದನ್ನು ತಪ್ಪಿಸುವ ಸುಲಭದ ದಾರಿ ಈ ನಲ್ಲಿ. ಅದನ್ನು ಸರಿಯಾಗಿ ಹಾಕದಿದ್ದರೆ ಇನ್ನೊಂದು ಅಪಾಯವೂ ಉಂಟು. ಎರಡನ್ನೂ ಇಲ್ಲಿ ವಿವರಿಸುತ್ತೇವೆ.

ಚಳ್ಳಕೆರೆ, ಮೊಳಕಾಲ್ಮೂರಿನ ಉದಾಹರಣೆ ಏಕೆ?

ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಕಾಫಿ, ಅಡಿಕೆ ಬೆಳೆಯುವವರು. ಚಳ್ಳಕೆರೆ, ಮೊಳಕಾಲ್ಮೂರು ಎಂದರೆ ಶೇಂಗಾ, ಎಣ್ಣೆ ಗಿರಣಿ, ರೇಷ್ಮೆ ಸೀರೆ ನೆನಪಾಗುತ್ತವೆಯೇ ಹೊರತು ತೋಟ ನೆನಪಾಗುವುದಿಲ್ಲ. ಆದರೂ ಹೊಂಡದ ವಿಷಯ ಬಂದಾಗ ನಾವು ನೋಡಬೇಕಾದದ್ದು ಆ ಕಡೆಗೇ. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಸೀಮೆ ಅದು. ಆಗುಂಬೆಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಸುರಿಯುವ ಮಳೆ ಅಲ್ಲಿಯ ಮೂರು ವರ್ಷದ ಮಳೆಗಿಂತ ಹೆಚ್ಚು. ಪಕ್ಕದ ಹಿರಿಯೂರಿನಲ್ಲಿ 1907ರಲ್ಲಿ ಮುಗಿದ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಇಂಥ ಕಡೆ ಜನ ನೀರನ್ನು ಹಿಡಿದಿಡುವ ವಿದ್ಯೆಯನ್ನು ಬಹಳ ಹಿಂದೆಯೇ ಕಲಿತಿದ್ದರು. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಸುತ್ತಲಿನ ಕೆರೆಗಳನ್ನು ಕಟ್ಟಿಸಿದರೆಂದು ಜನ ಇಂದಿಗೂ ಭಕ್ತಿಯಿಂದ ಹೇಳುತ್ತಾರೆ.

2014ರಲ್ಲಿ ರಾಜ್ಯ ಸರ್ಕಾರ ಕೃಷಿಭಾಗ್ಯ ಯೋಜನೆಯನ್ನು ಪ್ರಾರಂಭಿಸಿದ ಮೇಲೆ ಈ ಬಯಲುಸೀಮೆಯಲ್ಲಿ ಪ್ಲಾಸ್ಟಿಕ್ ಹಾಸಿನ ಕೃಷಿಹೊಂಡಗಳು ಊರೂರಿನಲ್ಲಿ ಎದ್ದವು. ಈರುಳ್ಳಿ, ಟೊಮೆಟೊ, ದಾಳಿಂಬೆ ಬೆಳೆಯುವವರಲ್ಲದೆ, ವೇದಾವತಿಯ ಅಕ್ಕಪಕ್ಕದಲ್ಲಿ ಕೊಳವೆಬಾವಿ ನಂಬಿ ಅಡಿಕೆ ಹಾಕಿದವರೂ ಹೊಂಡ ಮಾಡಿಕೊಂಡರು. ರಾತ್ರಿ ಕರೆಂಟು ಬಂದಾಗ ಕೊಳವೆಬಾವಿಯ ನೀರನ್ನು ಹೊಂಡಕ್ಕೆ ಬಿಟ್ಟುಕೊಂಡು ಹಗಲು ಹನಿ ನೀರಾವರಿಗೆ ಹರಿಸುವ ಪದ್ಧತಿ ಅಲ್ಲಿ ಬಂದಿದೆ. ಈಗ ಕಾಫಿ ವಲಯದಲ್ಲಿಯೂ ಹೂಮಳೆ ಕೈಕೊಟ್ಟ ವರ್ಷ ತುಂತುರು ನೀರಾವರಿ ಕೊಡುವುದಕ್ಕಾಗಿ ಇದೇ ಬಗೆಯ ಹಾಸು ಹಾಕಿದ ಹೊಂಡಗಳು ಬರುತ್ತಿವೆ. ಆದುದರಿಂದ ಬಯಲುಸೀಮೆಯ ಅನುಭವ ನಮಗೆಲ್ಲರಿಗೂ ಬೇಕಾದದ್ದು.

ಹಿಂದೆ ನೀರು ಮೇಲೆ ಬರುತ್ತಿತ್ತು

ಮೊದಲು ಕಪಿಲೆ ಬಾವಿಗಳಿದ್ದ ಕಾಲವನ್ನು ಹಿರಿಯ ಸದಸ್ಯರು ಜ್ಞಾಪಿಸಿಕೊಳ್ಳಬಹುದು. ಎತ್ತುಗಳು ಇಳಿಜಾರಿನಲ್ಲಿ ಹಗ್ಗ ಎಳೆದಂತೆ ಚರ್ಮದ ಚೀಲ ನೀರನ್ನು ಮೇಲಕ್ಕೆ ತಂದು ಬಾವಿಯ ಬಾಯಿಯಲ್ಲಿದ್ದ ಕಲ್ಲು ತೊಟ್ಟಿಗೆ ಸುರಿಯುತ್ತಿತ್ತು. ತೊಟ್ಟಿಯಿಂದ ಕಾಲುವೆಗೆ ನೀರು ಹೋಗುತ್ತಿತ್ತು. ಕೊಡ ತುಂಬಿಸುವವರು ತೊಟ್ಟಿಯ ಬಳಿ ನಿಲ್ಲುತ್ತಿದ್ದರು, ದನಗಳೂ ಅಲ್ಲಿಯೇ ಕುಡಿಯುತ್ತಿದ್ದವು. ಬಾವಿಗೆ ಇಳಿಯಲೇಬೇಕಾದ ಕಡೆ ಕಲ್ಲಿನ ಮೆಟ್ಟಿಲಿರುತ್ತಿತ್ತು. ಊರ ಮುಂದಿನ ಗೋಕಟ್ಟೆಗಳಿಗೆ ದನ ನಡೆದು ಇಳಿಯುವಂತೆ ಒಂದು ಬದಿ ಓರೆಯಾಗಿ, ಗಟ್ಟಿ ನೆಲವಾಗಿರುತ್ತಿತ್ತು.

ಈಗಿನ ಹೊಂಡಕ್ಕೆ ತೊಟ್ಟಿಯೂ ಇಲ್ಲ, ಮೆಟ್ಟಿಲೂ ಇಲ್ಲ. ನಾಲ್ಕೂ ಕಡೆ ಒಂದೇ ಸಮನಾದ ಇಳಿಜಾರು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ. ಮೆಟ್ಟಿಲು ಕಟ್ಟಿಸೋಣವೆಂದರೆ ಹಾಳೆ ಹರಿಯುತ್ತದೆ. ಹಿಂದಿನ ತೊಟ್ಟಿ ಮಾಡುತ್ತಿದ್ದ ಕೆಲಸವನ್ನು ಈಗ ನಲ್ಲಿಯಿಂದಲೇ ಮಾಡಿಸಿಕೊಳ್ಳಬೇಕು.

ಜಾರುವ ದಡ

ಹೊಸ ಹಾಳೆಯೇ ಜಾರುತ್ತದೆ. ಒಂದು ವರ್ಷ ಕಳೆದು ನೀರಂಚಿನಲ್ಲಿ ಪಾಚಿ ಕಟ್ಟಿದರಂತೂ ಕಾಲು ನಿಲ್ಲುವುದೇ ಇಲ್ಲ. ಹೊಂಡ ತುಂಬಿದ್ದಾಗ ಬಕೆಟ್ಟು ಅದ್ದುವುದು ಸುಲಭವೆನಿಸುತ್ತದೆ. ನೀರು ಇಳಿದಂತೆ ಮನುಷ್ಯನೂ ಹಾಳೆಯ ಮೇಲೆ ಇನ್ನಷ್ಟು ಇಳಿಯಬೇಕಾಗುತ್ತದೆ. ಹದಿನಾರು ಲೀಟರಿನ ಬಕೆಟ್ಟು ತುಂಬಿದಾಗ ಹದಿನಾರು ಕಿಲೋ ಭಾರ ಒಂದೇ ಕೈಯನ್ನು ನೀರಿನ ಕಡೆಗೆ ಎಳೆಯುತ್ತದೆ. ಬಿದ್ದವನಿಗೆ ಈಜು ಬಂದರೂ ಪ್ರಯೋಜನ ಕಡಿಮೆ, ಏಕೆಂದರೆ ಹಿಡಿದು ಹತ್ತುವುದಕ್ಕೆ ಅಲ್ಲಿ ಬೇರಿಲ್ಲ, ಕಲ್ಲಿಲ್ಲ, ಹುಲ್ಲಿಲ್ಲ. ಕೃಷಿಭಾಗ್ಯದ ಹೊಂಡಗಳ ಆಳ ಮೂರು ಮೀಟರ್, ಅಂದರೆ ಹತ್ತು ಅಡಿ. ಎತ್ತರದ ಆಳಿಗೂ ನೆಲ ಸಿಗದು.

ಬೇಸಿಗೆ ರಜೆಯಲ್ಲಿ ಮಕ್ಕಳು ಕೃಷಿಹೊಂಡಕ್ಕೆ ಬಿದ್ದ ಸುದ್ದಿ ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ವರ್ಷ ವರ್ಷವೂ ಬರುತ್ತಿದೆ. ಒಬ್ಬನನ್ನು ಎತ್ತಲು ಹೋಗಿ ಇನ್ನೊಬ್ಬನೂ ಸತ್ತ ಪ್ರಕರಣಗಳು ಅವುಗಳಲ್ಲಿ ಸೇರಿವೆ. ಹೊಂಡದ ಸುತ್ತ ತಂತಿಬೇಲಿ ಹಾಕಿಸುವುದು ಮುಂದೆ ಸರ್ಕಾರದ ಯೋಜನೆಯಲ್ಲಿಯೂ ಸೇರಿತು. ಬೇಲಿ ಬೇಕೇ ಬೇಕು. ಆದರೆ ನೀರು ಬೇಕಾದಾಗಲೆಲ್ಲ ಬೇಲಿಯ ಬಾಗಿಲು ತೆಗೆದು ಒಳಗೆ ಹೋಗಬೇಕಾದರೆ ಆ ಬಾಗಿಲು ನಾಲ್ಕು ದಿನದಲ್ಲಿ ತೆರೆದೇ ಇರತೊಡಗುತ್ತದೆ. ಬೇಲಿಯ ಹೊರಗೆ ನಲ್ಲಿ ಇದ್ದರೆ ಬಾಗಿಲಿಗೆ ಬೀಗ ಹಾಕಿಟ್ಟರೂ ಯಾವ ಕೆಲಸವೂ ನಿಲ್ಲುವುದಿಲ್ಲ.

ನೀರನ್ನು ನಲ್ಲಿಗೆ ತರುವ ಮೂರು ದಾರಿ

ನೆಲದ ಸ್ಥಿತಿಯನ್ನು ನೋಡಿ ದಾರಿ ಆರಿಸಿಕೊಳ್ಳಬೇಕು.

ಮೊದಲನೆಯದು, ಇಳಿಜಾರಿನ ಜಮೀನು. ಕಾಫಿ ತೋಟಗಳಲ್ಲಿ ಹೊಂಡ ಮೇಲಿದ್ದು ಕಣ, ಮನೆ ಕೆಳಗಿರುವುದು ಸಾಮಾನ್ಯ. ಇಲ್ಲಿ ಸೈಫನ್ ವಿಧಾನ ಸಾಕು, ಕರೆಂಟು ಬೇಡ. ಹಾಳೆಯನ್ನು ತೂತು ಮಾಡದೆ ಕಪ್ಪು ಎಚ್‌ಡಿಪಿಇ ಪೈಪನ್ನು ಏರಿಯ ಮೇಲಿಂದ ಹಾಯಿಸಿ ಹೊರಗೆ ಇಳಿಸಬೇಕು. ನೀರಿನೊಳಗಿನ ತುದಿಗೆ ಫುಟ್ ವಾಲ್ವ್, ಹೊರಗಿನ ತುದಿಗೆ ನಲ್ಲಿ, ಏರಿಯ ಮೇಲಿನ ಎತ್ತರದ ಜಾಗದಲ್ಲಿ ಒಂದು ಟೀ ಮತ್ತು ಬಿರಡೆ ಇರಲಿ. ನಲ್ಲಿ ಮುಚ್ಚಿ, ಬಿರಡೆ ತೆಗೆದು, ಪೈಪು ತುಂಬುವವರೆಗೆ ನೀರು ಹುಯ್ದು, ಬಿರಡೆ ಬಿಗಿದು ನಲ್ಲಿ ತೆರೆದರೆ ನೀರು ತಾನಾಗಿ ಹರಿಯುತ್ತದೆ. ಹೊಂಡದ ನೀರಿನ ಮಟ್ಟಕ್ಕಿಂತ ನಲ್ಲಿ ಕೆಳಗಿರಬೇಕು, ಇದೊಂದೇ ನಿಯಮ. ನೀರು ನಲ್ಲಿಯ ಮಟ್ಟಕ್ಕೆ ಇಳಿದರೆ ಹರಿವು ನಿಲ್ಲುತ್ತದೆ. ಕಾಲಕ್ರಮದಲ್ಲಿ ಎತ್ತರದ ಜಾಗದಲ್ಲಿ ಗಾಳಿ ಸೇರಿ ಹರಿವು ಕುಂದಿದರೆ ಮತ್ತೆ ಬಿರಡೆ ತೆಗೆದು ನೀರು ತುಂಬಬೇಕು. ನಲ್ಲಿ ತೆರೆದೇ ಬಿಟ್ಟರೆ ಹೊಂಡವೆಲ್ಲ ಖಾಲಿಯಾದೀತು. ಅದಕ್ಕಾಗಿ ಒಳಗಿನ ತುದಿಯನ್ನು ತಳಕ್ಕೆ ಬಿಡದೆ, ತಳದಿಂದ ಮೂರಡಿ ಮೇಲೆಯೇ ನಿಲ್ಲುವಂತೆ ಹಗ್ಗದಿಂದ ಕಟ್ಟಿರಬೇಕು.

ಎರಡನೆಯದು, ಚಳ್ಳಕೆರೆಯ ಬಯಲಿನಂತಹ ಮಟ್ಟಸ ಜಮೀನು. ಇಲ್ಲಿ ಹೊಂಡದ ನೀರು ನೆಲಕ್ಕಿಂತ ಕೆಳಗಿರುವುದರಿಂದ ಸೈಫನ್ ನಡೆಯುವುದಿಲ್ಲ. ಏರಿಯ ಹೊರಗೆ ಆರಡಿ ಎತ್ತರದ ಕಟ್ಟೆಯ ಮೇಲೆ 500 ಲೀಟರಿನ ಟ್ಯಾಂಕು ಕೂರಿಸಿ, ಬೆಳೆಗೆ ನೀರು ಕೊಡುವ ಪಂಪಿನ ಪೈಪಿನಿಂದಲೇ ಒಂದು ಟೀ ತೆಗೆದು ವಾಲ್ವ್ ಹಾಕಿ ಟ್ಯಾಂಕಿಗೆ ಕೊಡುವುದು ಉತ್ತಮ. ದಿನಕ್ಕೊಮ್ಮೆ ಪಂಪು ಓಡುವಾಗ ವಾಲ್ವ್ ತೆಗೆದರೆ ಕೆಲವೇ ನಿಮಿಷಗಳಲ್ಲಿ ಟ್ಯಾಂಕು ತುಂಬುತ್ತದೆ, ಆಮೇಲೆ ಕರೆಂಟು ಇರಲಿ ಬಿಡಲಿ ನಲ್ಲಿಯಲ್ಲಿ ನೀರಿರುತ್ತದೆ. ತುಂಬಿ ಹೆಚ್ಚಾದ ನೀರು ಪೋಲಾಗದಂತೆ ಮೇಲಿನಿಂದ ಒಂದು ಪೈಪನ್ನು ಹೊಂಡಕ್ಕೇ ತಿರುಗಿಸಬೇಕು. 500 ಲೀಟರ್ ನೀರು ಅರ್ಧ ಟನ್ ತೂಗುತ್ತದೆಂಬುದನ್ನು ಮರೆಯಬಾರದು. ನಾಲ್ಕು ಗಳು ನೆಟ್ಟು ಅಟ್ಟಣೆ ಕಟ್ಟಿದರೆ ಸಾಲದು; ಸೈಜುಗಲ್ಲಿನ ಕಟ್ಟೆಯಾಗಲಿ, ಕಲ್ಲುಕಂಬದ ಮೇಲೆ ಚಪ್ಪಡಿಯಾಗಲಿ ಬೇಕು. ಆ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ.

ಮೂರನೆಯದು, ಕೊಳವೆಬಾವಿಯಿಂದ ಹೊಂಡಕ್ಕೆ ಬರುವ ಪೈಪಿಗೇ ನೇರವಾಗಿ ನಲ್ಲಿ ಕೂರಿಸುವುದು. ಖರ್ಚು ಎಲ್ಲಕ್ಕಿಂತ ಕಡಿಮೆ. ಆದುದರಿಂದ ಹೆಚ್ಚು ಕಡೆ ಕಾಣುವುದೂ ಇದೇ. ಆದರೆ ಮೋಟಾರು ಓಡುವಾಗ ಮಾತ್ರ ನೀರು ಸಿಗುತ್ತದೆ. ಇದಕ್ಕಿಂತ ದೊಡ್ಡ ದೋಷವೊಂದಿದೆ, ಅದನ್ನು ಪ್ರತ್ಯೇಕವಾಗಿ ಹೇಳಬೇಕು.

ನೀರು ಹಿಂದಕ್ಕೆ ಹೋಗುವುದು

ಔಷಧಿ ಕಲಸುವಾಗ ನಾವೆಲ್ಲ ಮಾಡುವುದು ಹೀಗೆ: ನಲ್ಲಿಗೆ ಒಂದು ರಬ್ಬರ್ ಪೈಪು ಸಿಕ್ಕಿಸಿ ಅದರ ತುದಿಯನ್ನು ಡ್ರಮ್ಮಿನೊಳಗೆ ಮುಳುಗಿಸಿ ಬಿಡುತ್ತೇವೆ. ನೀರು ಸಿಡಿಯುವುದಿಲ್ಲ, ಯಾರೂ ಹಿಡಿದು ನಿಲ್ಲಬೇಕಾಗಿಲ್ಲ. ಡ್ರಮ್ಮಿನಲ್ಲಿ ಔಷಧಿ ಮೊದಲೇ ಹಾಕಿಯೂ ಇರುತ್ತೇವೆ. ಅಷ್ಟರಲ್ಲಿ ಕರೆಂಟು ಹೋಗುತ್ತದೆ. ಕೊಳವೆಬಾವಿಯ ಪೈಪಿನೊಳಗೆ ನೂರಾರು ಅಡಿ ಎತ್ತರಕ್ಕೆ ನಿಂತಿದ್ದ ನೀರು, ಕೆಳಗಿನ ವಾಲ್ವ್ ಸ್ವಲ್ಪ ಸೋರಿದರೂ ಸಾಕು, ಕೆಳಕ್ಕೆ ಬೀಳುತ್ತದೆ. ಬೀಳುವ ನೀರು ತನ್ನ ಹಿಂದಿರುವುದನ್ನು ಎಳೆಯುತ್ತದೆ. ಹಿಂದಿರುವುದು ಡ್ರಮ್ಮಿನಲ್ಲಿ ಮುಳುಗಿರುವ ರಬ್ಬರ್ ಪೈಪು. ಹೀಗೆ ಡ್ರಮ್ಮಿನ ವಿಷ ನಲ್ಲಿಯ ಮೂಲಕ ಹಿಂದಕ್ಕೆ ಹರಿದು ಕೊಳವೆಬಾವಿಯನ್ನು ಸೇರುತ್ತದೆ. ಚಿಕ್ಕ ಮಕ್ಕಳು ಪೈಪಿನ ತುದಿ ಕಚ್ಚಿ ನೀರು ಹೀರುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಸೈಫನ್ ಕಟ್ಟಿರುವ ಕಡೆಯೂ ಎಚ್ಚರ ಬೇಕು. ಹೊಂಡದ ನೀರು ಇಳಿದು ಅದರ ಮಟ್ಟ ಡ್ರಮ್ಮಿನ ಮಟ್ಟಕ್ಕಿಂತ ಕೆಳಗೆ ಹೋಗಿದ್ದರೆ, ಒಳತುದಿಯ ವಾಲ್ವ್ ಸೋರಿದಾಗ ಡ್ರಮ್ಮಿನ ನೀರೇ ಹೊಂಡಕ್ಕೆ ಹರಿಯುತ್ತದೆ. ಹೊಂಡದಲ್ಲಿ ಮೀನು ಬಿಟ್ಟಿದ್ದರೆ ಮರುದಿನ ತಿಳಿಯುತ್ತದೆ. ಮೀನಿಲ್ಲದಿದ್ದರೆ ತಿಳಿಯುವುದೇ ಇಲ್ಲ, ದನ ಆ ನೀರನ್ನೇ ಕುಡಿಯುತ್ತಿರುತ್ತದೆ.

ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ. ನಲ್ಲಿಯ ಬಾಯಿ ಡ್ರಮ್ಮಿನ ಕಂಠಕ್ಕಿಂತ ಒಂದು ಗೇಣು ಮೇಲಿರಬೇಕು, ನೀರು ಗಾಳಿಯಲ್ಲಿ ಬಿದ್ದು ಡ್ರಮ್ಮು ಸೇರಬೇಕು. ನಡುವೆ ಗಾಳಿ ಇದ್ದರೆ ನಲ್ಲಿ ಹೀರುವುದು ಗಾಳಿಯನ್ನೇ ಹೊರತು ವಿಷವನ್ನಲ್ಲ. ಪೈಪಿನ ವ್ಯಾಸದ ಎರಡರಷ್ಟು ಅಂತರವಾದರೂ ಇರಬೇಕೆಂಬುದು ಕೊಳಾಯಿ ಕೆಲಸದವರ ನಿಯಮ. ಒಂದು ಗೇಣು ಇಟ್ಟರೆ ಅಳೆಯುವ ಗೋಜಿಲ್ಲ. ಇದರೊಂದಿಗೆ ನಲ್ಲಿಗೆ ಮುಂಚೆ ಒಂದು ನಾನ್ ರಿಟರ್ನ್ ವಾಲ್ವ್ ಹಾಕಿಸಿದರೆ ಒಳ್ಳೆಯದು. ಆದರೆ ಕಸ ಸಿಕ್ಕಿದರೆ ವಾಲ್ವ್ ಸೋರಬಹುದು, ಗೇಣು ಗಾಳಿ ಸೋರುವುದಿಲ್ಲ. ವಾಲ್ವ್ ಇದೆಯೆಂದು ರಬ್ಬರ್ ಪೈಪನ್ನು ಮುಳುಗಿಸಬಾರದು. ಡ್ರಮ್ಮಿಗೆ ಬಳಸುವ ನಲ್ಲಿಗೆ ರಬ್ಬರ್ ಪೈಪು ಸಿಕ್ಕಿಸುವ ಮೂತಿಯೇ ಇಲ್ಲದಂತೆ ಆರಿಸಿದರೆ ಆಳುಗಳಿಗೆ ಮತ್ತೆ ಮತ್ತೆ ಹೇಳುವ ಅಗತ್ಯ ಬೀಳದು.

ಎರಡು ನಲ್ಲಿ, ಒಂದು ಕಟ್ಟೆ

ಒಂದೇ ಕಂಬಕ್ಕೆ ಎರಡು ನಲ್ಲಿ ಇರಲಿ. ಕೊಡ, ಬಕೆಟ್ಟು, ಕೈಕಾಲುಗಳಿಗೆ ನೆಲದಿಂದ ಎರಡಡಿ ಎತ್ತರದಲ್ಲಿ ಒಂದು. 200 ಲೀಟರಿನ ಡ್ರಮ್ಮು ಸುಮಾರು ಮೂರಡಿ ಎತ್ತರವಿರುವುದರಿಂದ, ಗೇಣು ಸೇರಿಸಿ, ನಾಲ್ಕಡಿ ಎತ್ತರದಲ್ಲಿ ಇನ್ನೊಂದು. ಟ್ಯಾಂಕಿನ ಕಟ್ಟೆ ಆರಡಿ ಇರಲೆಂದು ಮೇಲೆ ಹೇಳಿದ್ದು ಈ ಕಾರಣಕ್ಕೆ. ಹತ್ತು ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡ ಕೊಡುತ್ತದೆ, ಎರಡಡಿ ಎತ್ತರದ ನೀರು ಬಹಳ ಸಣ್ಣ ಒತ್ತಡವನ್ನಷ್ಟೇ ಕೊಟ್ಟೀತು. ಆದುದರಿಂದ ಟ್ಯಾಂಕಿನಿಂದ ನಲ್ಲಿಯವರೆಗಿನ ಪೈಪು ಒಂದು ಅಂಗುಲದ್ದಿರಲಿ, ನಲ್ಲಿ ಮುಕ್ಕಾಲು ಅಂಗುಲದ್ದಾಗಲಿ. ಅರ್ಧ ಅಂಗುಲದ ಪೈಪು ಹಾಕಿದರೆ ಡ್ರಮ್ಮು ತುಂಬುವುದನ್ನು ಕಾದು ಬೇಸತ್ತ ಆಳು ಬಕೆಟ್ಟು ಹಿಡಿದು ಮತ್ತೆ ಹೊಂಡಕ್ಕೇ ಹೋಗುತ್ತಾನೆ.

ಸ್ಥಳವನ್ನು ಆರಿಸುವಾಗ ಮೂರು ಸಂಗತಿ ಗಮನಿಸಬೇಕು. ನಲ್ಲಿ ಬೇಲಿಯ ಹೊರಗಿರಬೇಕು. ಚೆಲ್ಲಿದ ನೀರು ಹೊಂಡದ ಕಡೆಗೂ ಕೊಳವೆಬಾವಿಯ ಕಡೆಗೂ ಹರಿಯದಂತೆ ಇಳಿಜಾರು ಆಚೆಗಿರಬೇಕು. ಏರಿಯ ಬುಡಕ್ಕೆ ತಾಗಿರಬಾರದು, ಏಕೆಂದರೆ ಸದಾ ಒದ್ದೆಯಾದ ಏರಿ ಕುಸಿಯುತ್ತದೆ. ಎಂಟು ಹತ್ತು ಅಡಿ ದೂರವಾದರೂ ಇರಲಿ.

ನಲ್ಲಿಯ ಕೆಳಗೆ ನಾಲ್ಕಡಿ ಚೌಕದ ಕಲ್ಲುಚಪ್ಪಡಿ ಅಥವಾ ಕಾಂಕ್ರೀಟಿನ ಕಟ್ಟೆ ಬೇಕು. ಮೇಲ್ಮೈಯನ್ನು ನುಣುಪು ಮಾಡಿಸದೆ ತರಿತರಿಯಾಗಿ ಬಿಡಿಸಬೇಕು. ಹೊಂಡದಲ್ಲಿ ಜಾರುವುದನ್ನು ತಪ್ಪಿಸಿ ಕಟ್ಟೆಯ ಮೇಲೆ ಜಾರಿ ಬೀಳುವಂತಾಗಬಾರದು. ಕಟ್ಟೆಯ ನೀರು ಒಂದು ಮೂಲೆಗೆ ಹರಿದು ಅಲ್ಲಿಂದ ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳದ ಇಂಗುಗುಂಡಿ ಸೇರಲಿ. ಗುಂಡಿಗೆ ಕೆಳಗೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು ತುಂಬಬೇಕು. ಪಕ್ಕದಲ್ಲಿ ನಾಲ್ಕು ಬಾಳೆ ಕಂದು ನೆಟ್ಟರೆ ಕೈಕಾಲು ತೊಳೆದ ನೀರಿಗೆ ಅದೇ ಸಾಕು. ಔಷಧಿ ಡ್ರಮ್ಮು ತೊಳೆದ ನೀರು ಮಾತ್ರ ಈ ಗುಂಡಿಗೆ ಬರಕೂಡದು, ಅದರ ವಿಚಾರ ಮುಂದಿದೆ.

ಪೈಪು ಹಾಗೂ ಸಾಮಾನು

ಬಿಳಿ ಪಿವಿಸಿ ಪೈಪನ್ನು ಬಿಸಿಲಿಗೆ ಬಿಟ್ಟರೆ ಕೆಲವೇ ವರ್ಷದಲ್ಲಿ ಗಡುಸಾಗಿ ಒಡೆಯುತ್ತದೆ. ನೆಲದೊಳಗೆ ಒಂದೂವರೆ ಅಡಿ ಹೂತರೆ ಬಾಳುತ್ತದೆ. ನೆಲದ ಮೇಲೆ ಹಾಯಬೇಕಾದ ಕಡೆ ಕಪ್ಪು ಎಚ್‌ಡಿಪಿಇ ಪೈಪೇ ಸರಿ, ಅದಕ್ಕೆ ಬೆರೆಸಿರುವ ಮಸಿ ಬಿಸಿಲನ್ನು ತಡೆಯುತ್ತದೆ. ನಲ್ಲಿಯ ಕಂಬಕ್ಕೆ ಜಿ.ಐ. ಪೈಪು ಹಾಕಿ ಒಂದು ಕಲ್ಲುಕಂಬಕ್ಕೆ ಬಿಗಿಯಬೇಕು. ಬರೀ ಪ್ಲಾಸ್ಟಿಕ್ ಪೈಪನ್ನು ನಿಲ್ಲಿಸಿದರೆ ಎಮ್ಮೆ ಮೈ ಉಜ್ಜಿದ ದಿನವೇ ಮುರಿಯುತ್ತದೆ. ಹಿತ್ತಾಳೆಯ ನಲ್ಲಿ ಬಾಳಿಕೆ ಬರುತ್ತದೆ, ಆದರೆ ದೂರದ ತೋಟದಲ್ಲಿ ಕಳವಾಗುತ್ತದೆ. ಅಂಥ ಕಡೆ ಗಟ್ಟಿ ಪ್ಲಾಸ್ಟಿಕ್ಕಿನದೇ ಆಗಬಹುದು. ಹಿಡಿ ಅಡ್ಡ ತಿರುಗಿಸುವ ನಲ್ಲಿಯನ್ನು ಕೋತಿಗಳು ತೆರೆಯುವುದನ್ನು ಕಲಿಯುತ್ತವೆ. ಕೋತಿ ಕಾಟವಿದ್ದರೆ ತಿರುಪಿನ ನಲ್ಲಿ ಹಾಕಿಸಿ.

ಹೊಂಡದ ತಳದಿಂದ ನೀರೆತ್ತಿದರೆ ಕೆಸರು ಬರುತ್ತದೆ, ಮೇಲಿನಿಂದ ಎತ್ತಿದರೆ ಪಾಚಿ. ಖಾಲಿ ಕ್ಯಾನೊಂದನ್ನು ತೇಲಿಬಿಟ್ಟು ಪೈಪಿನ ತುದಿಯನ್ನು ಅದರಿಂದ ಒಂದೂವರೆ ಅಡಿ ಕೆಳಗೆ ತೂಗುವಂತೆ ಕಟ್ಟಿ, ತುದಿಗೆ ನೈಲಾನ್ ಬಲೆ ಸುತ್ತಿದರೆ ತಿಳಿನೀರು ಸಿಗುತ್ತದೆ, ಸ್ಪ್ರೇಯರಿನ ಮೂತಿ ಕಟ್ಟಿಕೊಳ್ಳುವುದಿಲ್ಲ.

ಕರೆಂಟಿನ ವಿಷಯದಲ್ಲಿ ಒಂದೇ ಮಾತು. ಸ್ಟಾರ್ಟರ್ ಪೆಟ್ಟಿಗೆ ನಲ್ಲಿಯಿಂದ ಎರಡು ಮಾರಾದರೂ ದೂರ, ಒಣ ಜಾಗದಲ್ಲಿರಲಿ. ಒದ್ದೆ ಕೈಯಿಂದ ಮುಟ್ಟುವಂತಿರಬಾರದು. ಪಂಪಿನ ತಂತಿಯನ್ನು ನಲ್ಲಿಯ ಕಬ್ಬಿಣದ ಪೈಪಿಗೆ ಸುತ್ತಿ ಕಟ್ಟುವ ಅಭ್ಯಾಸವನ್ನು ಬಿಡಬೇಕು. ಮೂವತ್ತು ಮಿಲಿ ಆಂಪಿಯರಿನ ಸೋರಿಕೆ ರಕ್ಷಕ ಸ್ವಿಚ್ಚೊಂದನ್ನು ಮನೆಯ ಪಂಪಿಗೆ ಹಾಕಿಸಿದರೆ ಜೀವ ಉಳಿಯುತ್ತದೆ.

ಬೋರ್ಡೋ ದ್ರಾವಣಕ್ಕೆ ಈ ನಲ್ಲಿ

ಅಡಿಕೆಯ ಕೊಳೆರೋಗಕ್ಕೆ ಶೇಕಡ 1ರ, ಕಾಫಿಯ ಎಲೆ ತುಕ್ಕಿಗೆ ಶೇಕಡ ಅರ್ಧದ ಬೋರ್ಡೋ ದ್ರಾವಣ ಸಿಂಪಡಿಸುವುದು ಸದಸ್ಯರಿಗೆ ತಿಳಿದದ್ದೇ. ಶೇಕಡ 1ಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಐವತ್ತು ಲೀಟರಿನಲ್ಲಿ ಮೈಲುತುತ್ತ, ಇನ್ನೈವತ್ತು ಲೀಟರಿನಲ್ಲಿ ಸುಣ್ಣ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಬೇಕು. ನೀರು ಹೊತ್ತು ತರುವಾಗ ಈ ಅಳತೆ ತಪ್ಪುತ್ತದೆ. ದಣಿದ ಆಳು ಎರಡು ಕೊಡ ಕಡಿಮೆ ಹಾಕುವುದು ಸಹಜ. ನಲ್ಲಿಯ ಕೆಳಗೇ ಡ್ರಮ್ಮು ಇಟ್ಟು, ಐವತ್ತು ಲೀಟರಿನ ಮಟ್ಟಕ್ಕೆ ಬಣ್ಣದ ಗೆರೆ ಎಳೆದಿಟ್ಟರೆ ಅಳತೆ ಪ್ರತಿ ಸಲವೂ ಒಂದೇ ಆಗುತ್ತದೆ.

ಡ್ರಮ್ಮು ಪ್ಲಾಸ್ಟಿಕ್ಕಿನದಿರಲಿ, ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ. ಹೊಳೆಯುವ ಚಾಕುವನ್ನು ಅದ್ದಿ ನೋಡಿದಾಗ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದೆಂದು ಅರ್ಥ. ತಾಮ್ರ ಮೀನಿಗೆ ವಿಷ. ಆದುದರಿಂದ ಈ ಡ್ರಮ್ಮನ್ನು ಹೊಂಡದಲ್ಲಿ ಅದ್ದಿ ತೊಳೆಯುವುದು ಎಂದಿಗೂ ಕೂಡದು.

ಬೇರೆ ಔಷಧಿಗಳ ಡಬ್ಬಿ ಖಾಲಿಯಾದಾಗ ಅಲ್ಲಿಯೇ, ನಲ್ಲಿಯ ಬಳಿ, ಮೂರು ಸಲ ನೀರು ಹಾಕಿ ಕುಲುಕಿ ಆ ನೀರನ್ನು ಸ್ಪ್ರೇಯರಿಗೇ ಸುರಿದು ಬೆಳೆಗೆ ಸಿಂಪಡಿಸಬೇಕು. ಡ್ರಮ್ಮು ತೊಳೆದ ನೀರನ್ನೂ ಹಾಗೆಯೇ ಬೆಳೆಗೆ ಹಾಕಬೇಕು. ಔಷಧಿ ದಂಡವಾಗುವುದಿಲ್ಲ, ನೆಲದಡಿಯ ನೀರು ಕೆಡುವುದಿಲ್ಲ. ತೊಳೆದ ಡಬ್ಬಿಗೆ ತೂತು ಹೊಡೆದಿಡಿ, ಇಲ್ಲವಾದರೆ ಅದೇ ಡಬ್ಬಿಯಲ್ಲಿ ಯಾರಾದರೂ ನೀರು ತುಂಬಿಕೊಂಡು ಹೋಗುತ್ತಾರೆ.

ದನ, ಕುರಿಗಳಿಗೆ

ಚಳ್ಳಕೆರೆ, ಮೊಳಕಾಲ್ಮೂರುಗಳಲ್ಲಿ ಕುರಿ ಮಂದೆಗಳೂ, ಮ್ಯಾಸಬೇಡರು ಸಾಕಿಕೊಂಡು ಬಂದಿರುವ ದೇವರ ಎತ್ತುಗಳ ಹಿಂಡುಗಳೂ ಬೇಸಿಗೆಯಲ್ಲಿ ನೀರು ಹುಡುಕಿ ನಡೆಯುತ್ತವೆ. ಗೋಕಟ್ಟೆ ಬತ್ತಿದಾಗ ಅವು ನೋಡುವುದು ಹೊಲದ ಹೊಂಡವನ್ನೇ. ಪ್ಲಾಸ್ಟಿಕ್ ಹಾಸಿನ ಮೇಲೆ ಗೊರಸಿಟ್ಟ ಪ್ರಾಣಿ ನೇರ ನೀರಿಗೆ ಜಾರುತ್ತದೆ, ಹಾಳೆಯೂ ಗೊರಸಿಗೆ ಹರಿಯುತ್ತದೆ. ಕುರಿ ಕಳೆದುಕೊಂಡವನಿಗೂ ಹೊಂಡ ಕಳೆದುಕೊಂಡವನಿಗೂ ಆಮೇಲೆ ಜಗಳ. ಕೆಳಗಿನ ನಲ್ಲಿಯಿಂದ ಬೇಲಿಯ ಹೊರಗಿನ ಒಂದು ಕಲ್ಲುಬಾನಿಗೆ ನೀರು ಬಿಟ್ಟಿದ್ದರೆ ಇಬ್ಬರಿಗೂ ನಷ್ಟವಿಲ್ಲ. ದಾರಿಹೋಕ ಮಂದೆಗೆ ನೀರು ಕೊಡುವುದು ಆ ಸೀಮೆಯಲ್ಲಿ ಪುಣ್ಯದ ಕೆಲಸವೆಂದೇ ನಡೆದು ಬಂದಿದೆ. ಬಾನಿ ಔಷಧಿ ಕಲಸುವ ಜಾಗದಿಂದ ದೂರವಿರಬೇಕು. ಹೊರಗಿನ ದನವೆಂದರೂ ನಮ್ಮ ದನವೆಂದರೂ ಈ ನಿಯಮ ಒಂದೇ.

ಕುಡಿಯುವ ನೀರೇ?

ನಲ್ಲಿ ಕಂಡರೆ ಜನ ಬೊಗಸೆ ಒಡ್ಡಿ ಕುಡಿಯುತ್ತಾರೆ. ಹೊಂಡದ ನಲ್ಲಿಯ ನೀರು ಕುಡಿಯುವುದಕ್ಕಲ್ಲ. ಮಳೆನೀರು ತುಂಬಿದ ಹೊಂಡವಾದರೆ ಅದರಲ್ಲಿ ರೋಗಾಣುಗಳಿರುತ್ತವೆ. ಕೊಳವೆಬಾವಿಯಿಂದ ತುಂಬಿಸಿದ್ದರೆ ಇನ್ನೊಂದು ತೊಂದರೆ. ಚಳ್ಳಕೆರೆ, ಮೊಳಕಾಲ್ಮೂರಿನ ಹಲವು ಊರುಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ ಒಂದು ಮಿಲಿಗ್ರಾಂ ಇರಬಹುದು, ಬೇರೆ ಗತಿಯಿಲ್ಲದ ಕಡೆ ಒಂದೂವರೆಯವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಅದಕ್ಕಿಂತ ಹೆಚ್ಚಿನ ಫ್ಲೋರೈಡ್ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಬೀಳುತ್ತದೆ, ದೊಡ್ಡವರ ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಅಂಶ ಹೆಚ್ಚೇ ಆಗುತ್ತದೆ. ಕ್ಲೋರಿನ್ ಹಾಕಿದರೂ ಅದು ಹೋಗದು.

ಆದುದರಿಂದ ಕಂಬಕ್ಕೆ ಕೆಂಪು ಬಣ್ಣ ಬಳಿದು ಕುಡಿಯುವ ನೀರಲ್ಲವೆಂದು ದೊಡ್ಡ ಅಕ್ಷರದಲ್ಲಿ ಬರೆಸಿ. ಓದು ಬಾರದವರಿಗೆ ಬಾಯಲ್ಲಿ ಹೇಳಿ. ಬರೀ ಬೇಡವೆಂದರೆ ಆಗದು. ಬಿಸಿಲಲ್ಲಿ ದುಡಿಯುವವರಿಗೆ ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನು ತಂದು ನೆರಳಲ್ಲಿ ಇಡುವುದು ತೋಟದ ಯಜಮಾನರ ಕರ್ತವ್ಯ.

ನಲ್ಲಿಯಿಂದ ನೀರು ಪೋಲೇ?

ನಲ್ಲಿ ಇಟ್ಟರೆ ನೀರು ಪೋಲಾಗುತ್ತದೆ ಎಂಬ ಆಕ್ಷೇಪ ಬಯಲುಸೀಮೆಯಲ್ಲಿ ಬರುವುದು ಸಹಜ. ಲೆಕ್ಕ ಹಾಕಿ ನೋಡೋಣ. 21 ಮೀಟರ್ ಚೌಕದ ಹೊಂಡದ ಮೇಲ್ಮೈ 441 ಚದರ ಮೀಟರ್. ದಿನಕ್ಕೆ 5 ಮಿಲಿಮೀಟರ್ ಆವಿಯಾದರೆ 2200 ಲೀಟರ್ ಆಕಾಶಕ್ಕೆ ಹೋಯಿತು. ಎರಡು ಡ್ರಮ್ಮು ಔಷಧಿ, ನಾಲ್ಕು ದನ, ಆಳುಗಳ ಕೈಕಾಲು ಎಲ್ಲ ಸೇರಿಸಿದರೂ ನಲ್ಲಿಯ ಖರ್ಚು 700 ಲೀಟರ್ ದಾಟಲಾರದು. ಅದೂ ಔಷಧಿ ಹೊಡೆಯುವ ದಿನ ಮಾತ್ರ.

ಹಾಗೆಂದು ಅಜಾಗರೂಕತೆ ಸಲ್ಲದು. ಸೆಕೆಂಡಿಗೊಂದು ಹನಿ ಬಿದ್ದರೆ ದಿನಕ್ಕೆ 86,400 ಹನಿ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರಿನಂತೆ ನಾಲ್ಕು ಲೀಟರಿಗೂ ಮೇಲೆ. ಅದನ್ನು ಸಹಿಸಬಹುದು. ಆದರೆ ನಿಮಿಷಕ್ಕೆ ಒಂದು ಲೀಟರ್ ಚೊಂಬು ತುಂಬುವಷ್ಟು ಸಣ್ಣ ಧಾರೆ ಹರಿಯುತ್ತಿದ್ದರೆ ದಿನಕ್ಕೆ 1440 ಲೀಟರ್, ಅಂದರೆ ಟ್ಯಾಂಕು ಮೂರು ಸಲ ತುಂಬಿಸಬೇಕು. ಒಂದು ರಬ್ಬರ್ ವಾಷರ್ ಬದಲಿಸಿದರೆ ಇದು ನಿಲ್ಲುತ್ತದೆ. ನಾಲ್ಕು ವಾಷರ್, ಒಂದು ಸುರುಳಿ ನೂಲು ಟೇಪು ಮನೆಯಲ್ಲಿ ಇಟ್ಟುಕೊಂಡಿರಿ.

ಉಳಿದ ಎಚ್ಚರಿಕೆಗಳು

ನಲ್ಲಿ ಬಂದಿತೆಂದು ಹೊಂಡದ ಉಳಿದ ರಕ್ಷಣೆಯನ್ನು ಮರೆಯಬಾರದು. ನಾಲ್ಕೂ ದಡದಲ್ಲಿ ಗೂಟ ಹೊಡೆದು, ಅಡಿಗೊಂದು ಗಂಟು ಹಾಕಿದ ದಪ್ಪ ಹಗ್ಗವನ್ನು ನೀರಿನೊಳಗೆ ಇಳಿಬಿಟ್ಟಿರಬೇಕು. ಗಾಳಿ ತುಂಬಿದ ಹಳೆಯ ಲಾರಿ ಟ್ಯೂಬೊಂದು ಬೇಲಿಗೆ ನೇತಾಡುತ್ತಿರಲಿ. ಯಾರಾದರೂ ಬಿದ್ದರೆ ಹಿಂದೆಯೇ ಹಾರಬಾರದು. ಹಗ್ಗ, ಟ್ಯೂಬು, ಉದ್ದನೆಯ ಬಿದಿರು, ಏನೂ ಇಲ್ಲದಿದ್ದರೆ ಸೀರೆಯನ್ನಾದರೂ ಎಸೆದು ದಡದ ಮೇಲೆ ಮಲಗಿ ಎಳೆಯಬೇಕು. ಇದನ್ನು ಮನೆಯ ಮಕ್ಕಳಿಗೂ ಆಳುಗಳ ಮಕ್ಕಳಿಗೂ ಒಟ್ಟಿಗೆ ಕೂರಿಸಿ ಹೇಳಿಕೊಡಬೇಕು.

ಹೊಸ ಹೊಂಡ ತೆಗೆಸುವ ಸದಸ್ಯರು ಅಂದಾಜು ಪಟ್ಟಿಯಲ್ಲಿ ಹಾಳೆ, ಬೇಲಿ, ಪಂಪುಗಳ ಜೊತೆ ನಲ್ಲಿ, ಟ್ಯಾಂಕು, ಕಟ್ಟೆಯ ಖರ್ಚನ್ನೂ ಮೊದಲೇ ಸೇರಿಸಿಕೊಳ್ಳಬೇಕೆಂದು ಕೋರುತ್ತೇವೆ. ಈಗಾಗಲೇ ಹೊಂಡ ಇರುವವರು ಮುಂಗಾರಿನ ಮೊದಲ ಸಿಂಪರಣೆಗೆ ಮುಂಚೆ ಈ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು. ಗಾರೆಯವನಿಗೆ ಒಂದು ದಿನದ ಕೆಲಸ, ಪೈಪು ಜೋಡಿಸುವವನಿಗೆ ಅರ್ಧ ದಿನದ್ದು. ಜೋಡಿಸಿ ಮುಗಿಸಿದ ಮೇಲೆ ಖಾಲಿ ಡ್ರಮ್ಮನ್ನು ಮೇಲಿನ ನಲ್ಲಿಯ ಕೆಳಗೆ ಇಟ್ಟು, ನಲ್ಲಿಯ ಬಾಯಿಗೂ ಡ್ರಮ್ಮಿನ ಕಂಠಕ್ಕೂ ನಡುವೆ ನಿಮ್ಮ ಗೇಣು ಹಿಡಿಯುತ್ತದೆಯೇ ಎಂದು ಒಮ್ಮೆ ಅಳೆದು ನೋಡಿ. ಹಿಡಿಯದಿದ್ದರೆ ಕೂಲಿ ಕೊಡುವ ಮುಂಚೆಯೇ ನಲ್ಲಿಯನ್ನು ಮೇಲಕ್ಕೆ ಏರಿಸಿಸಿಕೊಳ್ಳಿ.